ಗೊತ್ತುಗುರಿಯಿಲ್ಲದೆ ಅಲೆದವನಿಗೇ ಊರೆಲ್ಲ ಗೊತ್ತು!

ಒಂದು ಚದುರಂಗದ ಮಣೆ ತೆಗೆದುಕೊಳ್ಳಿ. ಎಲ್ಲ ಕಾಯಿಗಳನ್ನೂ ಎತ್ತಿಡಿ. ಒಂದೇ ಒಂದು ಕುದುರೆ ಸಾಕು. ಅದನ್ನು ಮೂಲೆಯ ಮನೆಯಲ್ಲಿ ನಿಲ್ಲಿಸಿ.

ಈ ಕುದುರೆಗೆ ಬುದ್ಧಿ ಬೇಡ. ಎದುರಾಳಿ ಬೇಡ. ನಿಂತ ಮನೆಯಿಂದ ಎಲ್ಲೆಲ್ಲಿಗೆ ನೆಗೆಯಬಹುದೋ ಅವುಗಳಲ್ಲಿ ಒಂದನ್ನು ಚೀಟಿ ಎತ್ತಿ ಆರಿಸಲಿ. ನೆಗೆಯಲಿ. ಅಲ್ಲಿ ಮತ್ತೆ ಚೀಟಿ, ಮತ್ತೆ ನೆಗೆತ!

ಹೊರಟ ಮೂಲೆಗೇ ಅದು ವಾಪಸು ಬರುವಷ್ಟರಲ್ಲಿ ಸರಾಸರಿ ಎಷ್ಟು ನೆಗೆತ ಆಗಿರುತ್ತದೆ? ಊಹಿಸಿ!

ಮಣೆಯಲ್ಲಿರುವುದು 64 ಮನೆ, ಹಾಗಾಗಿ 64 ಅಂದಿರಾ? ಸಾವಿರ ಅಂದಿರಾ? ಕುರುಡು ಕುದುರೆಗೆ ಲೆಕ್ಕ ಎಲ್ಲಿಯದು ಅಂತ ಕೈಚೆಲ್ಲಿದಿರಾ?

168! ಸುಮಾರಾಗಿ ಅಲ್ಲ, ಹೆಚ್ಚುಕಡಿಮೆ ಅಲ್ಲ. ಸರಾಸರಿ ಕರಾರುವಾಕ್ಕಾಗಿ 168!

ಇದನ್ನು ಕಂಡುಹಿಡಿಯಲು ಕಂಪ್ಯೂಟರ್ ಬೇಕಿಲ್ಲ. ಪ್ರತಿ ಮನೆಯಿಂದ ಕುದುರೆಗೆ ಎಷ್ಟು ನೆಗೆತಗಳಿವೆ ಎಂದು ಎಣಿಸಿ. ಮೂಲೆಯಿಂದ 2, ನಟ್ಟನಡುವಿನಿಂದ 8. ಅರವತ್ತನಾಲ್ಕೂ ಮನೆಗಳದ್ದನ್ನು ಕೂಡಿಸಿದರೆ 336. ಮೂಲೆಯ ಪಾಲು 2. ಭಾಗಿಸಿ. 168! ನಡುಮನೆಯಿಂದ ಹೊರಟಿದ್ದರೆ 336ನ್ನು 8ರಿಂದ ಭಾಗಿಸಿ. 42! ಇಷ್ಟೇ ಲೆಕ್ಕ. ಒಂದು ಮನೆಗೆ ಬಾಗಿಲು ಎಷ್ಟಿದೆಯೋ ಅಲೆಮಾರಿ ಆ ಮನೆಯಲ್ಲಿ ಅಷ್ಟು ಪಾಲು ಹೊತ್ತು ಕಳೆಯುತ್ತಾನೆ. ಮಣೆ ಎಷ್ಟೇ ದೊಡ್ಡದಿರಲಿ, ನಿಮ್ಮ ಮನೆಯ ಬಾಗಿಲುಗಳನ್ನೂ ಒಟ್ಟು ಬಾಗಿಲುಗಳನ್ನೂ ಎಣಿಸಿದರೆ ಮುಗಿಯಿತು.

(ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇದೇ ಕುದುರೆಯನ್ನು ಅರವತ್ತನಾಲ್ಕೂ ಮನೆಗೆ ಒಂದೊಂದೇ ಸಲ ಕಾಲಿಡಿಸಿ ಸುತ್ತಿಸುವ ಬಂಧಗಳನ್ನು ಕಟ್ಟಿದವರು. ಅವರದು ಪಳಗಿದ ಕುದುರೆ, ನಮ್ಮದು ಲಗಾಮಿಲ್ಲದ್ದು!)

ಇನ್ನು ಆಟವನ್ನು ಒಂದೇ ಒಂದು ಕಡೆ ತಿರುಚೋಣ. ನೋಡುತ್ತಿರಿ, ಲೆಕ್ಕ ಹೇಗೆ ಹುಚ್ಚೆದ್ದು ಓಡುತ್ತದೆ!

20 ಮೆಟ್ಟಿಲಿನ ಒಂದು ಏಣಿ. ಕೈಯಲ್ಲಿ ಒಂದು ನಾಣ್ಯ. ಹೆಡ್ ಬಿದ್ದರೆ ಒಂದು ಮೆಟ್ಟಿಲು ಮೇಲೆ, ಟೇಲ್ ಬಿದ್ದರೆ ಒಂದು ಮೆಟ್ಟಿಲು ಕೆಳಗೆ. ನೆಲದ ಮೇಲಿದ್ದಾಗ ಮಾತ್ರ ಏನೇ ಬಿದ್ದರೂ ಮೇಲಕ್ಕೇ. ತುದಿ ಮುಟ್ಟಲು ಸರಾಸರಿ ಎಷ್ಟು ಟಾಸ್? 20 ಗುಣಿಸು 20. 400! ಸೆಕೆಂಡಿಗೊಂದು ಟಾಸ್ ಹಾಕಿದರೆ ಏಳು ನಿಮಿಷವೂ ಬೇಡ.

ಎರಡನೆಯ ಆಟ. ಅದೇ ಏಣಿ, ಅದೇ ನಾಣ್ಯ. ಹೆಡ್ ಬಿದ್ದರೆ ಒಂದು ಮೆಟ್ಟಿಲು ಮೇಲೆ. ಟೇಲ್ ಬಿದ್ದರೆ ಸೀದಾ ನೆಲಕ್ಕೆ! ಪರಮಪದದ ಪಟದಲ್ಲಿ ಪ್ರತಿ ಮನೆಯಲ್ಲೂ ಒಂದು ಉದ್ದನೆಯ ಹಾವು ಬಾಯಿ ತೆರೆದು ಕೂತ ಹಾಗೆ. ನೆಲದಲ್ಲಿದ್ದಾಗ ಟೇಲ್ ಬಿದ್ದರೆ ಅಲ್ಲೇ ಇರಿ. ಈಗ ತುದಿ ಮುಟ್ಟಲು ಎಷ್ಟು ಟಾಸ್?

ಎರಡು ಪಟ್ಟು? ಹತ್ತು ಪಟ್ಟು? ಧೈರ್ಯ ಮಾಡಿ, ಇನ್ನೂ ದೊಡ್ಡದು ಹೇಳಿ!

20,97,150!

ಊಟ ನಿದ್ದೆ ಬಿಟ್ಟು ಸೆಕೆಂಡಿಗೊಂದರಂತೆ ನಾಣ್ಯ ಚಿಮ್ಮಿದರೂ 24 ದಿನ! ಏಣಿಗೆ ಇನ್ನು 10 ಮೆಟ್ಟಿಲು ಸೇರಿಸಿ, 30 ಮಾಡಿ. ಮೊದಲ ಆಟ 15 ನಿಮಿಷದಲ್ಲಿ ಮುಗಿಯುತ್ತದೆ. ಎರಡನೆಯ ಆಟಕ್ಕೆ 68 ವರ್ಷ! 40 ಮೆಟ್ಟಿಲಾದರೆ? 69,000 ವರ್ಷಕ್ಕೂ ಹೆಚ್ಚು! ಶಿಲಾಯುಗದಲ್ಲಿ ಶುರು ಮಾಡಿದವನು ಇವತ್ತಿಗೂ ನಾಣ್ಯ ಚಿಮ್ಮುತ್ತಲೇ ಇರಬೇಕು.

ನಾವು ಬದಲಿಸಿದ್ದೇನು? ಮೊದಲ ಏಣಿಯಲ್ಲಿ ಹೋದ ದಾರಿಯಲ್ಲೇ ವಾಪಸು ಬರಬಹುದಿತ್ತು. ಎರಡನೆಯದರಲ್ಲಿ ದಾರಿಗಳಿಗೆಲ್ಲ ಬಾಣದ ಗುರುತು ಬಿತ್ತು, ಒನ್‌ವೇ ಆಯಿತು. ಅಷ್ಟೇ! ಗಣಿತದವರ ಮಾತಿನಲ್ಲಿ ಮೊದಲನೆಯದು ದಿಕ್ಕಿಲ್ಲದ ಗ್ರಾಫ್, ಎರಡನೆಯದು ದಿಕ್ಕುಳ್ಳ ಗ್ರಾಫ್. ಬಾಣ ಬಿದ್ದ ಕ್ಷಣ ಬಾಗಿಲು ಎಣಿಸುವ ಉಪಾಯ ಸತ್ತುಹೋಗುತ್ತದೆ. ಎಲ್ಲೋ ದೂರದ ಒಂದು ಬಾಣ ಈ ಮೂಲೆಯ ಮನೆಯನ್ನು ಭಣಗುಟ್ಟಿಸಬಹುದು.

ಈ ಒಂದು ಬಾಣಕ್ಕೆ ಕಂಪ್ಯೂಟರ್ ವಿಜ್ಞಾನವೇ ತಲೆ ಚಚ್ಚಿಕೊಂಡಿದೆ ಎಂದರೆ ನಂಬುತ್ತೀರಾ? 100 ಕೋಣೆಗಳ ಯಾವ ಚಕ್ರವ್ಯೂಹವನ್ನಾದರೂ ಕಟ್ಟಿ. ಬಾಗಿಲುಗಳೆಲ್ಲ ಎರಡೂ ಕಡೆ ತೆರೆಯುವಂತಿದ್ದರೆ, ಕುಡುಕನಂತೆ ಅಲೆಯುವವನು ಸರಾಸರಿ 10 ಲಕ್ಷ ಹೆಜ್ಜೆಯೊಳಗೆ ಎಲ್ಲ ಕೋಣೆಗಳನ್ನೂ ನೋಡಿ ಮುಗಿಸುತ್ತಾನೆ. ನಕ್ಷೆ ಬೇಡ, ಗೋಡೆಗೆ ಗೀಚಬೇಕಿಲ್ಲ, ನೆನಪೂ ಬಹುತೇಕ ಬೇಡ! 1979ರಲ್ಲಿ ಐವರು ಸೇರಿ ಇದನ್ನು ಸಾಧಿಸಿ ತೋರಿಸಿದರು. 2004ರಲ್ಲಿ ಇಸ್ರೇಲಿನ ಓಮರ್ ರೈಂಗೋಲ್ಡ್ ಅವನು ದಾರಿ ಆರಿಸಲು ಚಿಮ್ಮುವ ನಾಣ್ಯವನ್ನೂ ಕಿತ್ತುಕೊಂಡರು. ಅದೃಷ್ಟದ ಹಂಗಿಲ್ಲದೆ, ಅಷ್ಟೇ ಪುಟ್ಟ ನೆನಪಿನಲ್ಲಿ ದಾರಿ ಹುಡುಕಬಹುದು ಎಂದು ತೋರಿಸಿದರು. ಬಾಗಿಲುಗಳು ಒನ್‌ವೇ ಆದರೆ? ಇವತ್ತಿಗೂ ಯಾರಿಗೂ ಉತ್ತರ ಗೊತ್ತಿಲ್ಲ!

ಸರಿ, ಈ ಅಲೆಮಾರಿಯಿಂದ ನಮಗೇನು ಲಾಭ?

ಲಾಭವೇ? ಅವನು ಗುಟ್ಟು ಹೇಳುತ್ತಾನೆ! ಯಾರು ಯಾರ ಗುಂಪು ಎಂದು ಪತ್ತೆ ಹಚ್ಚಿ ಕೊಡುತ್ತಾನೆ!

ಅಮೆರಿಕದ ಒಂದು ವಿಶ್ವವಿದ್ಯಾಲಯದ ಕರಾಟೆ ಕ್ಲಬ್ಬಿಗೆ ಬನ್ನಿ. ಕಾಲ 1970ರ ಆಚೀಚೆ. ವೇಯ್ನ್ ಜಕರಿ ಎಂಬ ಸಂಶೋಧಕ ಅಲ್ಲಿ ಯಾರು ಯಾರ ಜೊತೆ ಕ್ಲಬ್ಬಿನ ಹೊರಗೂ ಒಡನಾಡುತ್ತಾರೆ ಎಂದು ಬರೆದಿಡುತ್ತಿದ್ದ. 34 ಜನ. 78 ಗೆಳೆತನದ ಗೆರೆಗಳು. ಅಷ್ಟರಲ್ಲಿ ಫೀಸಿನ ವಿಷಯಕ್ಕೆ ಗುರುವಿಗೂ ಅಧ್ಯಕ್ಷನಿಗೂ ಜಗಳ ಹತ್ತಿತು. ಕ್ಲಬ್ ಒಡೆದು ಎರಡಾಯಿತು!

ಜಗಳ ಏಕೆ, ಯಾರು ಏನಂದರು, ಇದೊಂದೂ ಗೊತ್ತಿಲ್ಲದೆ, ಬರೀ ಗೆರೆಗಳನ್ನು ನೋಡಿ ಯಾರು ಯಾವ ಕಡೆ ಹೋದರು ಎಂದು ಹೇಳಬಹುದೇ?

ಜಕರಿ ಹೇಳಿದ! 34ರಲ್ಲಿ 33 ಜನರನ್ನು ಸರಿಯಾಗಿ! ತಪ್ಪಿದ್ದು ಒಬ್ಬನೇ ಒಬ್ಬ. ಅವನು ಏಕೆ ತಪ್ಪಿಸಿಕೊಂಡ ಗೊತ್ತೇ? ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಅವನಿಗೆ ಮೂರೇ ವಾರ ಬಾಕಿಯಿತ್ತು! ಗುರುವನ್ನು ಬಿಟ್ಟರೆ ಬೇರೆ ಪದ್ಧತಿಯಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕು. ಹೆಚ್ಚಿನ ಗೆಳೆಯರು ಆ ಕಡೆ, ಬೆಲ್ಟ್ ಈ ಕಡೆ. ಅವನು ಬೆಲ್ಟನ್ನೇ ಆರಿಸಿಕೊಂಡ. ಗೆರೆಗಳ ಚಿತ್ರದಲ್ಲಿ ಆಸೆ ಕಾಣುವುದಿಲ್ಲವಲ್ಲ!

1977ರಲ್ಲಿ ಅಚ್ಚಾದ ಈ ಪುಟ್ಟ ಚಿತ್ರ ಇಂದು ಜಾಲವಿಜ್ಞಾನದ ಹುಡುಗರಿಗೆ ಮೊದಲ ಪಾಠ. ಎಷ್ಟರ ಮಟ್ಟಿಗೆ ಎಂದರೆ, ಸಮ್ಮೇಳನಗಳಲ್ಲಿ ಈ ಕ್ಲಬ್ಬಿನ ಉದಾಹರಣೆಯನ್ನು ಮೊದಲು ಎತ್ತಿದವರಿಗೆ ಕೊಡುವ ತಮಾಷೆಯ ಟ್ರೋಫಿಯೊಂದು ಕೈಯಿಂದ ಕೈಗೆ ಸುತ್ತುತ್ತಿದೆ!

ಜಕರಿ ಬಳಸಿದ್ದು ಕೊಳವೆಗಳಲ್ಲಿ ನೀರು ಹರಿಯುವಂಥ ಒಂದು ಲೆಕ್ಕ. ಅದೇ ಒಡಕನ್ನು ನಮ್ಮ ಅಲೆಮಾರಿಯೂ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತಾನೆ. ಹೇಗೆ? ಇಲ್ಲಿದೆ ನೋಡಿ ನನ್ನನ್ನು ಮರುಳು ಮಾಡಿದ ಸಂಗತಿ!

ಗುರುವಿನ ಹತ್ತಿರ ಸಾವಿರ ಅಲೆಮಾರಿಗಳನ್ನು ಬಿಡಿ. ಪ್ರತಿಯೊಬ್ಬನೂ ಗೆಳೆಯನಿಂದ ಗೆಳೆಯನಿಗೆ, ಅವನಿಂದ ಇನ್ನೊಬ್ಬ ಗೆಳೆಯನಿಗೆ ದಾಟುತ್ತಾ ಹೋಗಲಿ. ಎರಡು ಹೆಜ್ಜೆ ಆದಾಗ ನೋಡಿದರೆ ಇವರು ಎಲ್ಲಿಂದ ಹೊರಟವರು ಎಂದು ಥಟ್ಟನೆ ಹೇಳಬಹುದು. ಇನ್ನಷ್ಟು ಹೆಜ್ಜೆ ಕಳೆದರೆ ಯಾರ ಹತ್ತಿರದಿಂದ ಹೊರಟರು ಎಂಬುದು ಮಸುಕು. ತುಂಬ ಹೊತ್ತು ಕಳೆದರೆ ಎಲ್ಲವೂ ಮರೆತುಹೋಗುತ್ತದೆ. ಎಲ್ಲಿಂದ ಬಿಟ್ಟಿದ್ದರೂ ಹರಡಿಕೊಂಡ ಚಿತ್ರ ಒಂದೇ.

ಹಾಗಾದರೆ ಎಲ್ಲಕ್ಕಿಂತ ಕೊನೆಗೆ ಮರೆಯುವುದು ಯಾವುದನ್ನು?

ಯಾವ ಗುಂಪಿನೊಳಗಿಂದ ಹೊರಟೆ ಎಂಬುದನ್ನು! ಏಕೆಂದರೆ ಗುಂಪಿನ ಒಳಗೆ ದಾರಿಗಳು ನೂರು, ಹೊರಕ್ಕೆ ಬೆರಳೆಣಿಕೆ. ಅಲೆಮಾರಿ ಒಳಗೊಳಗೇ ಗಿರಕಿ ಹೊಡೆಯುತ್ತಾನೆ. ಆ ಕಟ್ಟಕಡೆಯ ನೆನಪಿಗೆ ಗಣಿತದಲ್ಲಿ ಒಂದು ಹೆಸರಿದೆ: ಎರಡನೆಯ ಐಗೆನ್ ವೆಕ್ಟರ್. ಅದು ಪ್ರತಿಯೊಬ್ಬ ಸದಸ್ಯನಿಗೂ ಒಂದೊಂದು ಸಂಖ್ಯೆ ಹಚ್ಚುತ್ತದೆ. ಕೆಲವರಿಗೆ ಪ್ಲಸ್, ಕೆಲವರಿಗೆ ಮೈನಸ್. ಪ್ಲಸ್ ಒಂದು ಬಣ, ಮೈನಸ್ ಇನ್ನೊಂದು ಬಣ! ಪ್ರಾಗ್ ನಗರದ ಮಿರೋಸ್ಲಾವ್ ಫೀಡ್ಲರ್ 1973ರಲ್ಲಿ ಇದರ ಬುನಾದಿ ಹಾಕಿದರು. ಸ್ಪೆಕ್ಟ್ರಲ್ ಕ್ಲಸ್ಟರಿಂಗ್ ಎಂಬ ಭಾರಿ ಹೆಸರಿನ ಒಳಗೆ ಇರುವುದು ಇದೇ, ಮರೆಯಲೊಲ್ಲದ ಕೊನೆಯ ನೆನಪು!

ಆದರೆ ಗೆಳೆತನಕ್ಕೆ ಬಾಣವಿಲ್ಲ. ಬಾಣ ಇದ್ದಲ್ಲಿ?

ಮೂರು ಮನೆ. ಮೊದಲನೆಯದರಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ, ಅಲ್ಲಿಂದ ಮತ್ತೆ ಮೊದಲನೆಯದಕ್ಕೆ. ಬೇರೆ ದಾರಿಯೇ ಇಲ್ಲ. ಈ ಅಲೆಮಾರಿ ಏನನ್ನಾದರೂ ಮರೆಯುತ್ತಾನೆಯೇ? ಎಂದಿಗೂ ಇಲ್ಲ! ಅವನ ನೆನಪು ಮಾಸುವುದಿಲ್ಲ, ತಿರುಗುತ್ತದೆ! ಲೆಕ್ಕ ಹಾಕಿದರೆ, ನೆನಪು ಹೆಜ್ಜೆಹೆಜ್ಜೆಗೆ ಎಷ್ಟು ಉಳಿಯುತ್ತದೆ ಎಂದು ಹೇಳುವ ಐಗೆನ್ ಮೌಲ್ಯಗಳು, ಒಂದನ್ನು ಬಿಟ್ಟರೆ, ಮಾಮೂಲಿ ಸಂಖ್ಯೆಗಳಾಗಿ ಬರುವುದೇ ಇಲ್ಲ. ಸಂಕೀರ್ಣ ಸಂಖ್ಯೆಗಳಾಗಿ, ಒಂದು ವೃತ್ತದ ಮೇಲೆ 120 ಡಿಗ್ರಿಗೊಂದರಂತೆ ಕೂತುಬಿಡುತ್ತವೆ. ಪ್ಲಸ್ಸೂ ಅಲ್ಲ, ಮೈನಸ್ಸೂ ಅಲ್ಲ. ಬಣ ಕಟ್ಟುವುದು ಹೇಗೆ ಸ್ವಾಮಿ?

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1913ರ ಜನವರಿ, ಸೇಂಟ್ ಪೀಟರ್ಸ್‌ಬರ್ಗ್. ಆಂದ್ರೇ ಮಾರ್ಕೋವ್ ಎಂಬ ಗಣಿತಜ್ಞ ಪುಷ್ಕಿನ್‌ನ ‘ಯೆವ್ಗೆನಿ ಒನೇಗಿನ್’ ಕಾವ್ಯ ಹಿಡಿದು ಒಂದು ವಿಚಿತ್ರ ಕೆಲಸ ಮಾಡಿದ್ದ. ಓದಿ ಸವಿದದ್ದಲ್ಲ, ಅಕ್ಷರ ಎಣಿಸಿದ್ದು! ಎಷ್ಟು ಅಕ್ಷರ? 20,000! ಕೈಯಲ್ಲೇ! ಸ್ವರ 8,638, ವ್ಯಂಜನ 11,362. ವ್ಯಂಜನದ ಬೆನ್ನಿಗೆ ಸ್ವರ ಬರುವುದು ನೂರಕ್ಕೆ 66ಕ್ಕೂ ಹೆಚ್ಚು ಸಲ. ಸ್ವರದ ಬೆನ್ನಿಗೆ ಮತ್ತೆ ಸ್ವರ? ನೂರಕ್ಕೆ 13 ಸಲವೂ ಇಲ್ಲ! ಓದುವ ಕಣ್ಣು ಸ್ವರ–ವ್ಯಂಜನ ಎಂಬ ಎರಡು ಮನೆಗಳ ನಡುವೆ ಬಾಣ ಹಿಡಿದು ಓಡಾಡುವ ಅಲೆಮಾರಿ. ಹೆಜ್ಜೆಹೆಜ್ಜೆಗೂ ಅವನ ನೆನಪು ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯುತ್ತದೆ, ಕುಸಿಯುವಾಗ ಮಗುಚಿಕೊಳ್ಳುತ್ತದೆ ಕೂಡ!

ಸರಿಯಾಗಿ 70 ವರ್ಷ ಕಳೆಯಿತು. 1983ರಲ್ಲಿ ಕ್ಲೀವ್ ಮೋಲರ್ ಮತ್ತು ಡೊನಾಲ್ಡ್ ಮಾರಿಸನ್ ಎಂಬ ಇಬ್ಬರು ಪ್ರಶ್ನೆಯನ್ನು ತಿರುವಿ ಹಾಕಿದರು. (ಮ್ಯಾಟ್‌ಲ್ಯಾಬ್ ಬಳಸುವ ಎಂಜಿನಿಯರುಗಳೇ, ಅದನ್ನು ಹುಟ್ಟಿಸಿದ ಮೋಲರ್ ಇವರೇ!) ಸ್ವರ ಯಾವುದು, ವ್ಯಂಜನ ಯಾವುದು ಎಂದು ಯಂತ್ರಕ್ಕೆ ಹೇಳಿಕೊಡುವುದೇ ಬೇಡ. ಲಿಂಕನ್‌ನ ಗೆಟಿಸ್‌ಬರ್ಗ್ ಭಾಷಣ ತೆಗೆದುಕೊಂಡು, ಇಂಗ್ಲಿಷಿನ ಯಾವ ಅಕ್ಷರದ ಬೆನ್ನಿಗೆ ಯಾವುದು ಎಷ್ಟು ಸಲ ಬಂತು ಎಂದು 26 ಸಾಲು 26 ಕಂಬಗಳ ಕೋಷ್ಟಕ ಮಾಡಿದರು. ಅಷ್ಟೇ ಮಾಹಿತಿ!

ಇಲ್ಲಿದೆ ಕೈಚಳಕ. ಪ್ರತಿ ಅಕ್ಷರಕ್ಕೂ ಅವರು ಒಂದಲ್ಲ, ಎರಡು ಸಂಖ್ಯೆ ಕೊಟ್ಟರು! ತನ್ನ ಹಿಂದೆ ಯಾರನ್ನು ಕರೆದುಕೊಂಡು ಬರುತ್ತದೆ ಎಂಬುದಕ್ಕೆ ಒಂದು. ತಾನು ಯಾರ ಹಿಂದೆ ಬರುತ್ತದೆ ಎಂಬುದಕ್ಕೆ ಇನ್ನೊಂದು. ಬಾಣವಿದ್ದ ಮೇಲೆ ಪ್ರತಿ ಬಿಂದುವಿಗೂ ಎರಡು ಮುಖ ಇರಲೇಬೇಕಲ್ಲವೇ? ಕಳಿಸುವ ಮುಖ, ಪಡೆಯುವ ಮುಖ! ಈ ಎರಡರ ಪ್ಲಸ್ ಮೈನಸ್ ನೋಡಿದರೆ ಸಾಕು, ಸ್ವರಗಳು ಒಂದು ಮಗ್ಗುಲಿಗೆ, ವ್ಯಂಜನಗಳ ಬಹುಪಾಲು ಇನ್ನೊಂದು ಮಗ್ಗುಲಿಗೆ. ಒಂದಕ್ಷರ ಇಂಗ್ಲಿಷ್ ಬಾರದ ಯಂತ್ರ ಅಕ್ಷರಮಾಲೆಯನ್ನು ಬಗೆದು ಹಾಕಿತು!

ಗೂಗಲ್ ಕಥೆ ನಿಮಗೆ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ವೆಬ್‌ನಲ್ಲಿ ಲಿಂಕ್ ಎಂದರೆ ಬಾಣ. ಆದರೆ ಹೊರದಾರಿಯೇ ಇಲ್ಲದ ಪುಟಕ್ಕೆ ಕಾಲಿಟ್ಟರೆ ಅಲೆಮಾರಿ ಅಲ್ಲೇ ಬಂದಿ. 1998ರಲ್ಲಿ ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ಅವನಿಗೆ ಒಂದಿಷ್ಟು ಬೇಜಾರು ಕಲಿಸಿದರು! ನೂರಕ್ಕೆ 85 ಸಲ ಬಾಣದ ಹಿಂದೆ ಹೋಗು. ಉಳಿದ 15 ಸಲ ಬೇಜಾರಾಗಿ ಎಲ್ಲಿಗಾದರೂ ಹಾರು! ಅಲೆಮಾರಿ ಹೆಚ್ಚು ಹೊತ್ತು ಎಲ್ಲಿರುತ್ತಾನೋ ಆ ಪುಟ ದೊಡ್ಡದು. ಆ ಬೇಜಾರಿನ ಮೇಲೆ ಒಂದು ಕಂಪನಿಯೇ ಎದ್ದು ನಿಂತಿತು.

ಆದರೆ ಬಾಣಗಳ ಜಾಲದಲ್ಲಿ ಗುಂಪು ಒಡೆಯುವ ಲೆಕ್ಕಕ್ಕೆ ಗಟ್ಟಿ ಬುನಾದಿ? ತೈವಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಫ್ಯಾನ್ ಚುಂಗ್ 2005ರಲ್ಲಿ ಒಂದು ಉಪಾಯ ಮುಂದಿಟ್ಟರು. ಎಷ್ಟು ಚೆಂದ ಎಂದರೆ, ಓದಿದಾಗ ಅಯ್ಯೋ ಇಷ್ಟೇನಾ ಅನ್ನಿಸುತ್ತದೆ!

ಬಾಣಗಳನ್ನು ಎಣಿಸಬೇಡಿ ಎಂದರು ಅವರು. ಮೊದಲು ಅಲೆಮಾರಿಯನ್ನು ಬಿಟ್ಟು ನೋಡಿ. ಯಾವ ಬಾಣದ ಮೇಲೆ ನಿಜಕ್ಕೂ ಎಷ್ಟು ಓಡಾಟ ಎಂದು ತೂಗಿ. ಓಡಾಟವೇ ಇಲ್ಲದ ದಾರಿ ನಕ್ಷೆಯಲ್ಲಿ ಎಷ್ಟು ಅಗಲ ಇದ್ದರೇನು? ಹೀಗೆ ತೂಗಿದ ಕೂಡಲೇ ಒಂದು ಸೋಜಿಗ ನಡೆಯುತ್ತದೆ: ಪ್ರತಿ ಮನೆಗೆ ಒಳಬರುವ ಓಡಾಟವೂ ಹೊರಹೋಗುವ ಓಡಾಟವೂ ಸರಿಸಮ! ಆಮೇಲೆ ಇಡೀ ಅಲೆದಾಟದ ಸಿನಿಮಾವನ್ನು ಹಿಂದುಮುಂದಾಗಿ ಓಡಿಸಿ. ಮುಂದಕ್ಕೆ ಓಡಿದ್ದರದೂ ಹಿಂದಕ್ಕೆ ಓಡಿದ್ದರದೂ ಸರಾಸರಿ ತೆಗೆಯಿರಿ. ಸಂಕೀರ್ಣ ಸಂಖ್ಯೆಗಳು ಮಂಗಮಾಯ! ಐಗೆನ್ ಮೌಲ್ಯಗಳು ಮತ್ತೆ ಸಾಧು ಸಂಖ್ಯೆಗಳು! ಯಾವ ಮನೆಯಿಂದಲೂ ಯಾವ ಮನೆಗಾದರೂ ಬಾಣ ಹಿಡಿದು ತಲುಪುವಂತಿರಬೇಕು, ಅದೊಂದೇ ಷರತ್ತು.

ಇನ್ನೂ ಇದೆ! ಜೆಫ್ ಚೀಗರ್ ಎಂಬವರು 1970ರಲ್ಲಿ ಬಾಗಿದ ಮೇಲ್ಮೈಗಳಿಗೆಂದು ಒಂದು ಸೂತ್ರ ಬರೆದಿದ್ದರು. ಒಂದು ಆಕಾರದ ಸೊಂಟ ಎಷ್ಟು ಸಣ್ಣದು ಎಂಬುದಕ್ಕೂ ಅದರ ಕಂಪನಕ್ಕೂ ನಂಟು ಹಾಕುವ ಸೂತ್ರ. ಅದೇ ಸೂತ್ರ ಬಾಣಗಳ ಜಾಲಕ್ಕೂ ಸರಿಹೊಂದುತ್ತದೆ ಎಂದು ಚುಂಗ್ ಸಾಧಿಸಿದರು! ಕೊನೆಯ ನೆನಪು ನಿಧಾನವಾಗಿ ಮಾಸಿತೇ? ಹಾಗಾದರೆ ಜಾಲದಲ್ಲಿ ಎಲ್ಲೋ ಒಂದು ಸಣ್ಣ ಸೊಂಟ ಇದ್ದೇ ಇದೆ. ಅಲ್ಲೇ ಕತ್ತರಿ ಹಾಕಿ!

ಈಗ ಉಸಿರು ಬಿಗಿಹಿಡಿಯಿರಿ. ಬಾಣಗಳ ಅತ್ಯದ್ಭುತ ಜಾಲ ಎಲ್ಲಿದೆ ಹೇಳಿ?

ನಿಮ್ಮ ಬಾಳೆಹಣ್ಣಿನ ಬುಟ್ಟಿಯ ಮೇಲೆ ಗುಂಯ್ ಎನ್ನುವ ಹಣ್ಣುನೊಣದ ತಲೆಯಲ್ಲಿ! ನೊಣವೂ ಅಲ್ಲ, ಅದರ ಮರಿಹುಳು. ಮರಿಹುಳು ಎಂದರೂ ಎಂಥದ್ದು? ಮೊಟ್ಟೆಯೊಡೆದು ಹೊರಬಂದು ಕೇವಲ 6 ಗಂಟೆ ಆದದ್ದು!

ನರಕೋಶ ನರಕೋಶಕ್ಕೆ ಸುದ್ದಿ ಕಳಿಸುವ ಕೊಂಡಿಗೆ ಸಿನಾಪ್ಸ್ ಎಂದು ಹೆಸರು. ಅದು ಬಾಣವೇ. ಒಂದು ಕಡೆ ಕಳಿಸುವವನು, ಇನ್ನೊಂದು ಕಡೆ ಪಡೆಯುವವನು. ಆ ಹುಳುವಿನ ಮಿದುಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಪದರ ಪದರವಾಗಿ ಚಿತ್ರ ತೆಗೆದು, ಪ್ರತಿ ನರಕೋಶದ ಪ್ರತಿ ಎಳೆಯನ್ನೂ ಹಿಂಬಾಲಿಸಿ ನಕ್ಷೆ ಮಾಡಿದರು. ಕೇಂಬ್ರಿಜ್ ಮತ್ತು ಜಾನ್ಸ್ ಹಾಪ್ಕಿನ್ಸ್ ತಂಡಗಳಿಗೆ ಹಿಡಿದದ್ದು 12 ವರ್ಷ! 2023ರ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಅದಕ್ಕೆ ಮುಂಚೆ, 1986ರಲ್ಲಿ, ಒಂದು ಮಿಲಿಮೀಟರ್ ಉದ್ದದ ಒಂದು ದುಂಡುಹುಳುವಿನ ನರಮಂಡಲದ ನಕ್ಷೆ ಬಂದಿತ್ತು. ಅದರಲ್ಲಿದ್ದ ನರಕೋಶಗಳು 302. ಈ ಮರಿಹುಳುವಿನಲ್ಲಿ ಎಷ್ಟಿರಬಹುದು? ಹೇಳಿ ನೋಡೋಣ!

3,016! ಅವುಗಳ ನಡುವಿನ ಸಿನಾಪ್ಸ್‌ಗಳು? 5,48,000!

ಐದೂವರೆ ಲಕ್ಷ ಬಾಣಗಳ ಈ ಕಾಡಿನಲ್ಲಿ ಗುಂಪು ಹುಡುಕುವುದು ಹೇಗೆ? ನಿಮಗೆ ಈಗ ಗೊತ್ತು! ಪ್ರತಿ ನರಕೋಶಕ್ಕೂ ಎರಡು ಮುಖ, ಕಳಿಸುವುದೊಂದು, ಪಡೆಯುವುದೊಂದು. ಲಿಂಕನ್‌ನ ಭಾಷಣದ ಅಕ್ಷರಗಳಿಗೆ ಕೊಟ್ಟ ಹಾಗೆಯೇ ಐಗೆನ್ ಲೆಕ್ಕದ ದಾಯಾದಿಯೊಂದರಿಂದ ಇವುಗಳಿಗೂ ಸಂಖ್ಯೆಗಳನ್ನು ಕೊಟ್ಟರು. ಸಂಖ್ಯೆಗಳು ಹತ್ತಿರ ಇದ್ದವು ಒಂದೇ ಗುಂಪು. ಒಡೆಯುತ್ತಾ ಒಡೆಯುತ್ತಾ ಹೋಗಿ ಸಿಕ್ಕಿದ್ದು 93 ಬಗೆಗಳು!

ಇಲ್ಲೇ ನಾನು ಕುರ್ಚಿಯಿಂದ ಎದ್ದು ನಿಂತದ್ದು. ಲೆಕ್ಕಕ್ಕೆ ಕೊಟ್ಟಿದ್ದು ಕೊಂಡಿಗಳನ್ನು ಮಾತ್ರ. ನರಕೋಶ ಉದ್ದವೋ, ಗಿಡ್ಡವೋ, ಕವಲು ಎಷ್ಟು, ಯಾವ ಕಡೆ ಬಾಗಿದೆ, ಒಂದನ್ನೂ ಹೇಳಿರಲಿಲ್ಲ. ಗುಂಪು ಮಾಡಿ ಮುಗಿದ ಮೇಲೆ ಒಂದೊಂದು ಗುಂಪಿನವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಒಂದೇ ಗುಂಪಿನವು ರೂಪದಲ್ಲೂ ಒಂದೇ ಥರ! ಕೆಲಸ ಏನೆಂದು ಮೊದಲೇ ತಿಳಿದಿದ್ದ ನರಕೋಶಗಳಲ್ಲಿ ಕೆಲಸವೂ ಒಂದೇ ಥರ! ಯಾರು ಯಾರಿಗೆ ಸುದ್ದಿ ಕಳಿಸುತ್ತಾರೆ ಎಂಬ ಪಟ್ಟಿಯೊಂದರಿಂದ ಮುಖಚಹರೆ ಹೇಳಿಬಿಟ್ಟ ಹಾಗಾಯಿತು!

ಅಲೆಮಾರಿಯನ್ನೂ ಅವರು ಬಿಡಲಿಲ್ಲ. ವಾಸನೆ, ರುಚಿ, ಬೆಳಕು ಹಿಡಿಯುವ ನರಕೋಶಗಳಿಂದ ಸಂಕೇತಗಳನ್ನು ಹೊರಡಿಸಿ, ಪ್ರತಿ ಸಿನಾಪ್ಸ್‌ನಲ್ಲೂ ದಾಟುವುದೋ ಇಲ್ಲವೋ ಎಂದು ಕಂಪ್ಯೂಟರಿನಲ್ಲೇ ಟಾಸ್ ಹಾಕಿ, ಎಲ್ಲೆಲ್ಲಿಗೆ ತಲುಪುತ್ತವೆ ಎಂದು ನೋಡಿದರು. ನೆಟ್ಟಗೆ ಕಣ್ಣಿನಿಂದ ಮಾಂಸಖಂಡಕ್ಕೆ ಹೋಗಿ ನಿಲ್ಲುತ್ತವೆ ಎಂದುಕೊಂಡಿರಾ? ಇಲ್ಲ! ಸುತ್ತಿ ಬಳಸಿ ಹಿಂದಕ್ಕೆ ಬರುತ್ತವೆ! ಮಿದುಳಿನ ನೂರಕ್ಕೆ 41 ನರಕೋಶಗಳಿಗೆ ದೂರದಿಂದ ಹೀಗೆ ಮರಳಿ ಬರುವ ಸುದ್ದಿ ತಲುಪುತ್ತದೆ.

ಅತಿ ಹೆಚ್ಚು ಸುತ್ತುಗಳು ಎಲ್ಲಿ? ಕಲಿಕೆಯ ಕೇಂದ್ರದಲ್ಲಿ! ಯಾವ ವಾಸನೆಯ ಜೊತೆ ಸಕ್ಕರೆ ಸಿಕ್ಕಿತು ಎಂದು ಹುಳು ನೆನಪಿಡುವ ಜಾಗ ಅದು. ಮರೆವಿನ ಲೆಕ್ಕದಲ್ಲಿ ತಿರುಗುವ ನೆನಪು ಕಂಡಿದ್ದೆವಲ್ಲ, ಮೂರು ಮನೆಗಳಲ್ಲಿ? ನೆನಪಿಡಬೇಕಾದ ಜಾಗದಲ್ಲೇ ಸುತ್ತುಗಳು ಕಿಕ್ಕಿರಿದಿವೆ! ಎರಡಕ್ಕೂ ನೇರ ಸಂಬಂಧವಿದೆ ಎಂದು ಯಾರೂ ಸಾಧಿಸಿಲ್ಲ, ನಾನೂ ಹೇಳುತ್ತಿಲ್ಲ. ಆದರೆ ಮೈ ಜುಮ್ಮೆನ್ನದಿದ್ದರೆ ಕೇಳಿ!

ಮರಿಹುಳು ಬೆಳೆಯಿತು. 2024ರ ಅಕ್ಟೋಬರಿನಲ್ಲಿ ರೆಕ್ಕೆ ಬಲಿತ ಹೆಣ್ಣು ನೊಣದ ಪೂರ್ತಿ ಮಿದುಳಿನ ನಕ್ಷೆ ಬಂತು. 1,39,255 ನರಕೋಶ! ಸಿನಾಪ್ಸ್‌ಗಳು 5 ಕೋಟಿಗೂ ಮೇಲೆ! ಅದು ಯಾರ ಬೀರುವಿನಲ್ಲೂ ಬೀಗ ಹಾಕಿಕೊಂಡು ಕೂತಿಲ್ಲ. ಯಾರು ಬೇಕಾದರೂ ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ನೀವೂ! ಹೇಳಿ, ನಿಮ್ಮ ಅಲೆಮಾರಿಯನ್ನು ಯಾವ ನರಕೋಶದಿಂದ ಬಿಡುತ್ತೀರಿ?